ಚಪ್ಪಟೆ ಗೋಡೆಯ ಸುಲ್ತಾನ

ನಮ್ಮೂರು ಅಣ್ಣಿಗೇರಿ. ಅಮೃತೇಶ್ವರ ಗುಡಿಯ 76 ಕಂಬಗಳನ್ನ ನೋಡ್ತಾನೇ ಬೆಳೆದವನು ನಾನು. ಕೆತ್ತನೆ ಅಂದ್ರೆ ಕಲ್ಲಿನಿಂದ ಎದ್ದು ಬರಬೇಕು ಅನ್ನೋದು ನನ್ನ ಲೆಕ್ಕ. ಹಾಗಾಗಿ ವಿಜಯಪುರದ ಇಬ್ರಾಹಿಂ ರೋಜಾ ಮೊದಲ ಸಲ ನೋಡಿದಾಗ ಸಪ್ಪೆ ಅನ್ನಿಸಿತ್ತು. ಬರೀ ಚಪ್ಪಟೆ ಗೋಡೆ! ಕಟ್ಟಿಸಿದವನ ಕಥೆ ಓದಿದ ಮೇಲೆ ಆ ಅಭಿಪ್ರಾಯ ಬದಲಾಯ್ತು.

1580ರಲ್ಲಿ ಸುಲ್ತಾನ ಅಲಿಯ ಕೊಲೆಯಾದಾಗ ಪಟ್ಟಕ್ಕೆ ಬಂದವನು ಎರಡನೇ ಇಬ್ರಾಹಿಂ ಆದಿಲ್ ಶಾ. ಹತ್ತು ವರ್ಷದ ಆಸುಪಾಸಿನ ಹುಡುಗ. ಅಲಿಯ ಪತ್ನಿ ಚಾಂದ್ ಬೀಬಿ ಅವನ ಬೆನ್ನಿಗೆ ನಿಂತಳು. ಆದರೆ ಅಧಿಕಾರಕ್ಕಾಗಿ ಕಿತ್ತಾಡಿದ ಸರದಾರರಲ್ಲಿ ಒಬ್ಬ ಅವಳನ್ನೇ ಸಾತಾರಾ ಕೋಟೆಯಲ್ಲಿ ಸೆರೆ ಇಟ್ಟ. ಕೊನೆಗೆ 1590ರಲ್ಲಿ ದಿಲಾವರ್ ಖಾನ್‌ನನ್ನು ಇಳಿಸಿ ಇಬ್ರಾಹಿಂ ತಾನೇ ಆಳೋಕೆ ಶುರು ಮಾಡಿದ. ಆಗ ಅವನಿಗೆ ಹೆಚ್ಚುಕಡಿಮೆ ನಮ್ಮದೇ ವಯಸ್ಸು!

ಅವನಿಗೆ ಸಂಗೀತದ ಹುಚ್ಚು. ತನ್ನ ತಂಬೂರಿಗೆ ಮೋತಿ ಖಾನ್ ಅಂತ ಹೆಸರಿಟ್ಟಿದ್ದ. ದಖನಿಯಲ್ಲಿ ಬರೆದ ‘ಕಿತಾಬ್-ಎ-ನೌರಸ್’ನಲ್ಲಿ ಸರಸ್ವತಿಗೂ ಗಣಪತಿಗೂ ವಂದನೆ ಇದೆ. ಜನ ಅವನನ್ನ ಜಗದ್ಗುರು ಅಂತ ಕರೆದರು. 1599ರಲ್ಲಿ ನೌರಸ್‌ಪುರ ಅನ್ನೋ ಹೊಸ ಪಟ್ಟಣ ಕಟ್ಟಲು ಹೊರಟ. 1624ರಲ್ಲಿ ಮಲಿಕ್ ಅಂಬರ್‌ನ ಸೈನ್ಯ ಅದನ್ನ ಹಾಳುಮಾಡಿತು.

ಉಳಿದದ್ದು ರೋಜಾ. ಶಾಸನದಲ್ಲಿ ಮಲಿಕ್ ಸಂದಲ್‌ನ ಹೆಸರಿದೆ. ಒಂದೇ ಕಟ್ಟೆಯ ಮೇಲೆ ಗೋರಿ, ಮಸೀದಿ ಎದುರುಬದುರು ನಿಂತಿವೆ. ಗೋರಿಯ ಗೋಡೆ ತುಂಬ ಅರಬಿ ಅಕ್ಷರ, ರೇಖಾ ವಿನ್ಯಾಸ. ಕೆತ್ತನೆ ತೀರಾ ಆಳವಿಲ್ಲ. ಹಾಗಾಗಿ ಕಣ್ಣು ಒಂದು ಮೂರ್ತಿಯ ಮೇಲೆ ನಿಲ್ಲದೆ ಗೋಡೆಯುದ್ದಕ್ಕೂ ಓಡುತ್ತೆ. ಅಕ್ಷರಕ್ಕೆ ಕನ್ನಡಿ ಬಿಂಬ ಇರಲ್ಲ, ಪಕ್ಕದ ವಿನ್ಯಾಸಕ್ಕೆ ಇರುತ್ತೆ. ಅದರ ಸಿಮೆಟ್ರಿಯೇ ಅಕ್ಷರದ ಓಟವನ್ನ ಹಿಡಿದಿಡುತ್ತೆ. ನಮ್ಮ ಗುಡಿಯ ಕಂಬಕ್ಕೆ ನೆರಳು ಬೇಕು, ಈ ಗೋಡೆಗೆ ಬೇಡ. ಎರಡರ ಗಣಿತವೇ ಬೇರೆ.

ಒಳಗೆ ಹೋದ್ರೆ ಇನ್ನೊಂದು ಚಪ್ಪಟೆ. ಸುಮಾರು 40 ಅಡಿ ಚೌಕದ ಕೋಣೆ, ಅದರ ಕಲ್ಲಿನ ಛಾವಣಿಯ ನಡುಭಾಗ 24 ಅಡಿ ಸಪಾಟು. ಅಂಚಿಗೆ ಅಂಚು ಸೇರಿಸಿದ ಚಪ್ಪಡಿಗಳು, ಕೆಳಗೆ ಒಂದು ಕಂಬವೂ ಕಾಣಲ್ಲ. ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಓದುವವರು ಒಮ್ಮೆ ತಲೆ ಎತ್ತಿ ನೋಡಲೇಬೇಕು.

ಗೋರಿ ಕಟ್ಟಿಸಲು ಶುರುಮಾಡಿದ್ದು ರಾಣಿ ತಾಜ್ ಸುಲ್ತಾನಾಗೆ. 1627ರಲ್ಲಿ ಅವಳಿಗಿಂತ ಮೊದಲೇ ಅವನು ತೀರಿಕೊಂಡ. ಒಳಗೆ ಸಾಲಾಗಿ ಆರು ಸಮಾಧಿ. ಆರರಲ್ಲಿ ನಟ್ಟನಡುವೆ ಅನ್ನೋದು ಇರಲ್ಲ. ಹೊರಗೆ ಅಷ್ಟೊಂದು ಸಿಮೆಟ್ರಿ ಮಾಡಿಸಿದವನು ಒಳಗೆ ತಾಯಿ ಮತ್ತು ಮಗಳ ಮಧ್ಯೆ ಮಲಗಿದ್ದಾನೆ.