ತಂಗಳು ರೊಟ್ಟಿಯ ಗುಟ್ಟು ಬಿಡಿಸಿದ ವಲಸಿಗ

ಕತಾರಿನಲ್ಲಿ ನೆಲೆಸಿರುವ ಕನ್ನಡಿಗರ ಅಡುಗೆಮನೆಗಳಲ್ಲಿ ಅಕ್ಕಿ, ರಾಗಿಹಿಟ್ಟುಗಳ ಪಕ್ಕದಲ್ಲಿ ಬ್ರೆಡ್ ಮತ್ತು ಅರಬ್ಬರ ಖುಬೂಸ್ ಕಾಯಂ ಸ್ಥಾನ ಪಡೆದಿವೆ. ಬೆಲೆ ಕಡಿಮೆ, ಬೇಯಿಸುವ ಶ್ರಮವೂ ಇಲ್ಲ. ಆದರೆ ಬೆಳಿಗ್ಗೆ ತಂದ ಮೆತ್ತನೆಯ ಖುಬೂಸ್ ಮರುದಿನಕ್ಕೆ ಚರ್ಮದಂತೆ ಬಿರುಸಾಗುತ್ತದೆ. ಕಡಲಗಾಳಿಯ ತೇವ ತುಂಬಿದ ಆಗಸ್ಟ್ ತಿಂಗಳಿನಲ್ಲಿ ಬ್ರೆಡ್ಡಿಗೆ ಬೂಷ್ಟು ಹಿಡಿಯಲು ತಡವಾಗುವುದಿಲ್ಲ. ಸಂಬಳದ ಬಹುಪಾಲನ್ನು ಊರಿಗೆ ಕಳುಹಿಸಿ ಉಳಿದುದರಲ್ಲಿ ತಿಂಗಳು ದೂಡುವ ತರುಣನಿಗೆ ಎಸೆದ ಪ್ರತಿಯೊಂದು ಪೊಟ್ಟಣವೂ ನಷ್ಟವೇ. ಅನ್ನವನ್ನು ತುಳಿಯಬಾರದೆಂದು ನಮ್ಮ ಹಿರಿಯರು ಕಲಿಸಿದಂತೆ, ರೊಟ್ಟಿಯ ತುಂಡು ನೆಲದ ಮೇಲೆ ಬೀಳಬಾರದೆಂಬ ಭಾವನೆ ಅರಬ್ಬರಲ್ಲಿಯೂ ಆಳವಾಗಿದೆ.

ರೊಟ್ಟಿ ಏಕೆ ಬಿರುಸಾಗುತ್ತದೆ ಎಂಬ ಪ್ರಶ್ನೆಯನ್ನು ಮೊದಲ ಬಾರಿಗೆ ಪ್ರಯೋಗದ ಮೂಲಕ ಪರೀಕ್ಷಿಸಿದವರಲ್ಲಿ ಫ್ರಾನ್ಸಿನ ಪ್ರಸಿದ್ಧ ರಸಾಯನಶಾಸ್ತ್ರಜ್ಞ ಜಾನ್ ಬಾಪ್ತಿಸ್ತ್ ಬೂಸಿಂಗೋ ಮುಖ್ಯನಾದವನು. ಅವನೂ ಒಂದು ಕಾಲದಲ್ಲಿ ಉದ್ಯೋಗಕ್ಕಾಗಿ ಕಡಲು ದಾಟಿದವನೆಂಬುದು ವಲಸೆಯ ಹಾದಿಯಲ್ಲಿರುವ ನಮ್ಮವರಿಗೆ ಗಮನಾರ್ಹ ಸಂಗತಿ.

ಬೂಸಿಂಗೋ ಪ್ಯಾರಿಸ್ಸಿನಲ್ಲಿ ಜನಿಸಿದನು. ಸಾಧಾರಣ ಕುಟುಂಬದ ಹುಡುಗ. ಸಾಂತ್ ಎತ್ಯೆನ್ನಿನ ಗಣಿಶಾಲೆಯಲ್ಲಿ ವಿದ್ಯೆ ಕಲಿತು, ಇಪ್ಪತ್ತು ವರ್ಷ ತುಂಬಿದ ಹೊತ್ತಿಗೆ ದಕ್ಷಿಣ ಅಮೆರಿಕೆಗೆ ಹೊರಟನು. ಸ್ಪೇನಿನ ಆಳ್ವಿಕೆಯಿಂದ ಬಿಡಿಸಿಕೊಳ್ಳುತ್ತಿದ್ದ ಆ ನಾಡುಗಳಲ್ಲಿ ಬೊಲಿವಾರನ ಸರ್ಕಾರಕ್ಕೆ ಗಣಿವಿದ್ಯೆ ಬಲ್ಲವರು ಬೇಕಾಗಿದ್ದರು. ಮಹಾಪ್ರವಾಸಿ ಹುಂಬೋಲ್ಟನ ಶಿಫಾರಸು ಅವನಿಗೆ ನೆರವಾಯಿತು. ಪರಿಚಯವಿಲ್ಲದ ಭಾಷೆ, ಯುದ್ಧದಿಂದ ಬಳಲಿದ ದೇಶ, ದುರ್ಗಮ ಬೆಟ್ಟಗಳು; ಇವುಗಳ ನಡುವೆ ಅವನು ಹತ್ತು ವರ್ಷಗಳನ್ನು ಕಳೆದನು.

ಆ ಹತ್ತು ವರ್ಷಗಳಲ್ಲಿ ಗಣಿಯ ಕೆಲಸವಷ್ಟೇ ಅವನ ಲೋಕವಾಗಿರಲಿಲ್ಲ. ಸ್ಥಳೀಯ ಜನ ಏನನ್ನು ತಿನ್ನುತ್ತಾರೆ, ಯಾವ ಉಪ್ಪನ್ನು ಬಳಸುತ್ತಾರೆ ಎಂಬುದನ್ನೂ ಗಮನಿಸಿದನು. ಕೆಲವು ಪ್ರದೇಶಗಳ ಉಪ್ಪನ್ನು ಬಳಸುವವರಲ್ಲಿ ಗಳಗಂಡ ಕಾಣಿಸುತ್ತಿರಲಿಲ್ಲ. ಆ ಉಪ್ಪನ್ನು ಪರೀಕ್ಷಿಸಿದಾಗ ಅದರಲ್ಲಿ ಅಯೋಡಿನ್ ಇರುವುದು ತಿಳಿಯಿತು. ಅಯೋಡಿನ್ ಇರುವ ಉಪ್ಪನ್ನು ಎಲ್ಲರಿಗೂ ಒದಗಿಸಬೇಕೆಂದು ಅವನು ಸೂಚಿಸಿದನು. ಇಂದು ನಮ್ಮ ಮನೆಗಳ ಉಪ್ಪಿನ ಡಬ್ಬಿಯಲ್ಲಿರುವುದೂ ಅಯೋಡಿನ್ ಇರುವ ಉಪ್ಪೇ. 1831ರಲ್ಲಿ ಅವನು ಚಿಂಬೊರಾಸೊ ಪರ್ವತವನ್ನು ಸುಮಾರು 6,000 ಮೀಟರ್ ಎತ್ತರದವರೆಗೆ ಏರಿದನು.

1832ರಲ್ಲಿ ತಾಯ್ನಾಡಿಗೆ ಮರಳಿದ ಬೂಸಿಂಗೋ ಅಡೆಲ್ ಲ ಬೆಲ್ ಎಂಬಾಕೆಯನ್ನು ವರಿಸಿದನು. ಆಕೆಯ ಕುಟುಂಬಕ್ಕೆ ಅಲ್ಸಾಸ್ ಪ್ರಾಂತದ ಬೆಶೆಲ್ಬ್ರಾನ್ನಿನಲ್ಲಿ ಜಮೀನಿತ್ತು. ಆ ಹೊಲವೇ ಅವನ ಪ್ರಯೋಗಶಾಲೆಯಾಯಿತು. ಭೂಮಿಗೆ ಹಾಕಿದ ಗೊಬ್ಬರವನ್ನೂ ಬಂದ ಫಸಲನ್ನೂ ತೂಗಿ, ವಿಶ್ಲೇಷಿಸಿ ಲೆಕ್ಕವಿಟ್ಟನು. ದ್ವಿದಳ ಧಾನ್ಯದ ಬೆಳೆಗಳಿಂದ ಸಾರಜನಕದ ಗಳಿಕೆಯಾಗುತ್ತದೆ ಎಂದು ತೋರಿಸಿದನು. 1839ರಲ್ಲಿ ವಿಜ್ಞಾನ ಅಕಾಡೆಮಿಯ ಸದಸ್ಯತ್ವ ದೊರೆಯಿತು. 1848ರ ಕ್ರಾಂತಿಯ ಬಳಿಕ ರಾಷ್ಟ್ರೀಯ ಸಭೆಗೂ ಆಯ್ಕೆಯಾದನು. 1851ರಲ್ಲಿ ರಾಜಕೀಯ ನಿಲುವಿನ ಕಾರಣಕ್ಕೆ ಪ್ರಾಧ್ಯಾಪಕ ಪದವಿಯಿಂದ ಅವನನ್ನು ತೆಗೆದುಹಾಕಲಾಯಿತು. ಆದರೆ ಸಹೋದ್ಯೋಗಿಗಳೆಲ್ಲ ಒಟ್ಟಾಗಿ ರಾಜೀನಾಮೆಗೆ ಮುಂದಾದುದರಿಂದ ಸರ್ಕಾರ ಮಣಿಯಿತು.

ಮರುವರ್ಷ, 1852ರಲ್ಲಿ, ಅವನು ರೊಟ್ಟಿಯ ಪ್ರಶ್ನೆಯನ್ನು ಕೈಗೆತ್ತಿಕೊಂಡನು. ನೀರಿನಂಶ ಆರಿಹೋಗುವುದರಿಂದಲೇ ರೊಟ್ಟಿ ಗಟ್ಟಿಯಾಗುತ್ತದೆ ಎಂದು ಜನ ನಂಬಿದ್ದರು. ತೇವ ಹೊರಹೋಗದಂತೆ ಮುಚ್ಚಿಟ್ಟರೂ ರೊಟ್ಟಿ ತಂಗಳಾಗುತ್ತದೆ ಎಂಬುದನ್ನು ಬೂಸಿಂಗೋ ತೋರಿಸಿದನು. ತಂಗಳಾದುದನ್ನು ಸುಮಾರು 60 ಡಿಗ್ರಿ ಸೆಲ್ಸಿಯಸ್ಸಿಗೂ ಮೇಲೆ ಬಿಸಿಮಾಡಿದರೆ ಅದು ಮತ್ತೆ ಮೆತ್ತಗಾಗುವುದನ್ನೂ ಕಂಡುಕೊಂಡನು. 1878ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವನಿಗೆ ಕೋಪ್ಲಿ ಪದಕವನ್ನಿತ್ತು ಗೌರವಿಸಿತು. 1887ರಲ್ಲಿ ಅವನು ಪ್ಯಾರಿಸ್ಸಿನಲ್ಲಿಯೇ ತೀರಿಕೊಂಡನು.

ಅವನು ಕಂಡುದಕ್ಕೆ ಕಾರಣವನ್ನು ಮುಂದಿನ ತಲೆಮಾರಿನ ವಿಜ್ಞಾನಿಗಳು ವಿವರಿಸಿದರು. ಹಿಟ್ಟಿನ ಪಿಷ್ಟ ಬೇಯುವಾಗ ನೀರು ಹೀರಿ ಉಬ್ಬುತ್ತದೆ. ತಣ್ಣಗಾದ ಮೇಲೆ ಅದರ ಕಣಗಳು ಮತ್ತೆ ಒತ್ತಾಗಿ ಜೋಡಣೆಗೊಳ್ಳುತ್ತವೆ, ಅದೇ ಬಿರುಸುತನ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನೆದರ್ಲೆಂಡ್ಸಿನ ಕಾಟ್ಸ್ ಎಂಬ ವಿಜ್ಞಾನಿ, ಬೇಕರಿ ಕಾರ್ಮಿಕರ ರಾತ್ರಿ ದುಡಿಮೆಯನ್ನು ತಪ್ಪಿಸುವ ಉದ್ದೇಶದ ಸಂಶೋಧನೆಯಲ್ಲಿ, ಈ ಕ್ರಿಯೆ ನೀರು ಹೆಪ್ಪುಗಟ್ಟುವ ಉಷ್ಣತೆಯ ಆಸುಪಾಸಿನಲ್ಲಿ ಅತ್ಯಂತ ವೇಗವಾಗಿ ನಡೆಯುತ್ತದೆಂದು ಕಂಡುಕೊಂಡನು. ಹೆಪ್ಪುಗಟ್ಟಿದ ಸ್ಥಿತಿಯಲ್ಲಿ ಅದು ಬಹುಮಟ್ಟಿಗೆ ನಿಂತುಹೋಗುತ್ತದೆ.

ಆದುದರಿಂದ ಫ್ರಿಜ್ಜಿನ ಸಾಮಾನ್ಯ ಕಪಾಟು ಬೂಷ್ಟನ್ನು ತಡೆಯುತ್ತದೆಯಾದರೂ ಮೆದುತನವನ್ನು ಬೇಗನೆ ಕೆಡಿಸುತ್ತದೆ. ಒಂದೆರಡು ದಿನಗಳಲ್ಲಿ ಮುಗಿಯುವಷ್ಟನ್ನು ಪೊಟ್ಟಣದ ಬಾಯಿ ಬಿಗಿದು, ಬಿಸಿಲು ತಾಗದ ತಂಪು ಕೋಣೆಯಲ್ಲಿ ಹೊರಗಿಡುವುದು ಲೇಸು. ಉಳಿದುದನ್ನು ತಂದ ದಿನವೇ ಫ್ರೀಜರಿಗೆ ಸೇರಿಸಬೇಕು. ಹಲವರು ಒಂದೇ ಫ್ರಿಜ್ ಹಂಚಿಕೊಳ್ಳುವ ಕೋಣೆಗಳಲ್ಲಿ ಒಂದು ಹೊತ್ತಿಗೆ ಬೇಕಾಗುವಷ್ಟು ಹೋಳುಗಳನ್ನು ಅಥವಾ ಖುಬೂಸನ್ನು ಚಿಕ್ಕ ಚೀಲಗಳಲ್ಲಿ ಗಾಳಿ ಹೊರಹಾಕಿ ಬಿಗಿದಿಟ್ಟರೆ ಜಾಗವೂ ಉಳಿಯುತ್ತದೆ, ಇಡೀ ಪೊಟ್ಟಣವನ್ನು ಕರಗಿಸುವ ಪ್ರಸಂಗವೂ ಬರುವುದಿಲ್ಲ. ಬಿಸಿ ಖುಬೂಸನ್ನು ಮಾತ್ರ ಪೂರ್ತಿ ಆರಿದ ಮೇಲೆಯೇ ಕಟ್ಟಬೇಕು. ಇಲ್ಲವಾದರೆ ಒಳಗಿನ ಬೆವರೇ ಬೂಷ್ಟಿಗೆ ಆಹ್ವಾನ. ಬಿರುಸಾದ ಖುಬೂಸಿಗೆ ನಾಲ್ಕು ಹನಿ ನೀರು ಚಿಮುಕಿಸಿ ಕಾದ ತವೆಯ ಮೇಲೆ ಹಾಕಿದರೆ ಬೂಸಿಂಗೋ ಕಂಡ ಚಮತ್ಕಾರ ಕಣ್ಣೆದುರಿಗೇ ನಡೆಯುತ್ತದೆ. ಆದರೆ ತಣಿದ ಮೇಲೆ ಮತ್ತೆ ಗಟ್ಟಿಯಾಗುವುದರಿಂದ ತಿನ್ನುವಷ್ಟನ್ನೇ ಬಿಸಿಮಾಡಬೇಕು. ಬೂಷ್ಟು ಕಂಡ ಮೆದು ರೊಟ್ಟಿಯಲ್ಲಿ ಆ ಭಾಗವನ್ನಷ್ಟೇ ಕಿತ್ತು ತಿನ್ನುವುದು ಸಲ್ಲದು. ಬೇರು ಒಳಗೂ ಹರಡಿರುತ್ತದೆ.

ಊರಿನಲ್ಲಿರುವ ಬಂಧುಗಳಿಗೂ ಇಲ್ಲೊಂದು ಮಾತು. ಉತ್ತರ ಕರ್ನಾಟಕದ ಖಡಕ್ ಜೋಳದ ರೊಟ್ಟಿ ವಾರಗಟ್ಟಲೆ ಕೆಡದಿರುವುದು ಅದರಲ್ಲಿ ಬೂಷ್ಟಿಗೆ ಬೇಕಾದ ತೇವವೇ ಇಲ್ಲದಿರುವುದರಿಂದ. ಮಗನಿಗೋ ಮಗಳಿಗೋ ಕಳುಹಿಸುವಾಗ ಚೆನ್ನಾಗಿ ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿ ತುಂಬಿ ಕಳುಹಿಸಿರಿ. ದೋಹಾದ ತೇವದ ದಿನಗಳಲ್ಲಿ ಅದು ಮೆತ್ತಗಾದರೆ ತವೆಯ ಮೇಲೆ ಸಣ್ಣ ಉರಿಯಲ್ಲಿ ಒಣಗಿಸಿಕೊಂಡರಾಯಿತು.