ಪ್ರೆಸ್ ಹೋದರೂ ಮಾತು ಬಿಡದ ವಕ್ಕಂ ಮೌಲವಿ

ನೆರೆಯ ಕೇರಳದ ಮುಸ್ಲಿಮರ ಚರಿತ್ರೆ ಹೇಳುವಾಗ ವಕ್ಕಂ ಅಬ್ದುಲ್ ಖಾದರ್ ಮೌಲವಿಯವರ ಹೆಸರು ಬಿಟ್ಟು ಮುಂದೆ ಹೋಗಲು ಆಗುವುದಿಲ್ಲ. 1873ರಲ್ಲಿ ತಿರುವಾಂಕೂರು ಸಂಸ್ಥಾನದ ವಕ್ಕಂ ಎಂಬ ಊರಿನ ಸ್ಥಿತಿವಂತ ವ್ಯಾಪಾರಿ ಮನೆಯಲ್ಲಿ ಅವರು ಹುಟ್ಟಿದರು. ತಂದೆ ವಿದ್ವಾಂಸರನ್ನು ಮನೆಗೇ ಕರೆಸಿ ಕಲಿಸಿದರು. ಅರಬಿ, ಫಾರ್ಸಿ, ಉರ್ದು ಮಾತ್ರವಲ್ಲ, ತಮಿಳು, ಸಂಸ್ಕೃತವೂ ಅವರಿಗೆ ಬರುತ್ತಿತ್ತು.

ಅಲ್ಲಾಹನು ಕೊಟ್ಟ ಸಂಪತ್ತನ್ನು ಅವರು ಹಾಕಿದ್ದು ಪತ್ರಿಕೆಗೆ. 1905ರ ಜನವರಿಯಲ್ಲಿ ಕಡಲ ಬದಿಯ ಅಂಜುತೆಂಗಿನಿಂದ ‘ಸ್ವದೇಶಾಭಿಮಾನಿ’ ಹೊರಬಂತು. ಸುತ್ತ ತಿರುವಾಂಕೂರು ಇದ್ದರೂ ಆ ಸಣ್ಣ ಊರು ಬ್ರಿಟಿಷರ ಕೈಯಲ್ಲಿತ್ತು. ಪ್ರೆಸ್ಸಿನ ಯಂತ್ರ ಇಂಗ್ಲೆಂಡಿನಿಂದ ಬಂತು. ಮರುವರ್ಷ ರಾಮಕೃಷ್ಣ ಪಿಳ್ಳೆ ಸಂಪಾದಕರಾದರು. 1907ರಲ್ಲಿ ಪತ್ರಿಕೆ ರಾಜಧಾನಿ ತಿರುವನಂತಪುರಕ್ಕೇ ಹೋಯಿತು.

ಮಾಲೀಕ ಮುಸ್ಲಿಮ್, ಸಂಪಾದಕ ಹಿಂದೂ. ಬರೆಯುವುದಕ್ಕೆ ಪೂರ್ಣ ಸ್ವಾತಂತ್ರ್ಯ ಕೊಟ್ಟಿದ್ದರು ಮೌಲವಿ. ಪಿಳ್ಳೆಯವರು ದಿವಾನರ ಆಡಳಿತದ ಅನ್ಯಾಯವನ್ನು ಹೆಸರೆತ್ತಿ ಬರೆದರು. ಇದರಿಂದ ಅಪಾಯ ಬರುತ್ತದೆ ಅಂತ ಗೊತ್ತಿದ್ದೂ ಮೌಲವಿ ಅವರ ಕೈ ಹಿಡಿದು ನಿಲ್ಲಿಸಲಿಲ್ಲ.

1910ರ ಸೆಪ್ಟೆಂಬರ್ 26ರಂದು ಸರಕಾರ ಪ್ರೆಸ್ಸಿಗೆ ಬೀಗ ಹಾಕಿತು. ಪಿಳ್ಳೆಯವರನ್ನು ಗಡಿಪಾರು ಮಾಡಿದರು. ಅವರು ಮತ್ತೆ ಊರು ಸೇರಲಿಲ್ಲ, 1916ರಲ್ಲಿ ಕಣ್ಣೂರಿನಲ್ಲಿ ತೀರಿಕೊಂಡರು. ಇತ್ತ ಮೌಲವಿಯವರು ಹಾಕಿದ ಹಣವೆಲ್ಲ ಹೋಯಿತು. ತಪ್ಪೆಲ್ಲ ಸಂಪಾದಕನದು ಎಂದು ಜಾರಿಕೊಳ್ಳಬಹುದಿತ್ತು, ಅವರು ಹಾಗೆ ಮಾಡಲಿಲ್ಲ. ಪ್ರೆಸ್ಸಿಗಾಗಿ ಅರಮನೆ ಬಾಗಿಲಿಗೂ ಹೋಗಲಿಲ್ಲ. ತನ್ನ ಸಂಪಾದಕನೇ ಇಲ್ಲದ ಮೇಲೆ ಆ ಯಂತ್ರ ಯಾಕೆ ಎಂಬುದು ಅವರ ನಿಲುವು. ಅವರ ಮರಣದ ಎಷ್ಟೋ ವರ್ಷಗಳ ನಂತರ ಕೇರಳ ಸರಕಾರ ಅದನ್ನು ಮನೆಯವರಿಗೆ ಮರಳಿಸಿತು.

ಅಷ್ಟು ಕಳಕೊಂಡವರು ಬರೆಯುವುದನ್ನು ಬಿಟ್ಟರಾ? ಇಲ್ಲ. 1906ರಲ್ಲೇ ‘ಮುಸ್ಲಿಮ್’ ಎಂಬ ಪತ್ರಿಕೆ ಶುರು ಮಾಡಿದ್ದರು. 1918ರಲ್ಲಿ ‘ಅಲ್ ಇಸ್ಲಾಮ್’ ತಂದರು, ಅದೂ ಅರಬಿ ಮಲಯಾಳಂ ಲಿಪಿಯಲ್ಲಿ. ನಮ್ಮ ಬ್ಯಾರಿ ಮದ್ರಸಗಳಲ್ಲಿ ಹಿಂದೆ ಮಕ್ಕಳು ಕಲಿತದ್ದು, ನಮ್ಮ ಉಮ್ಮಂದಿರು ಮಾಲೆ ಓದಿದ್ದು ಇದೇ ಲಿಪಿಯಲ್ಲಿ ಅಲ್ಲವೇ? ಶಾಲೆ ಕಾಣದ ಹೆಂಗಸರಿಗೂ ಅದು ಓದಲು ಬರುತ್ತಿತ್ತು. ಪತ್ರಿಕೆ ಹೆಚ್ಚು ಕಾಲ ನಡೆಯಲಿಲ್ಲ. 1931ರಲ್ಲಿ ಮತ್ತೆ ‘ದೀಪಿಕ’ ಆರಂಭಿಸಿದರು.

ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು ಶಾಲೆಗೆ ಹೋಗಬೇಕೆಂದು ಅವರು ಊರೂರು ತಿರುಗಿ ಹೇಳಿದರು. ಸರಕಾರಿ ಶಾಲೆಗಳಲ್ಲಿ ಅರಬಿ ಕಲಿಸುವ ವ್ಯವಸ್ಥೆ ಬರುವುದಕ್ಕೂ ಅವರ ಶ್ರಮವಿದೆ. ವರದಕ್ಷಿಣೆ, ದುಂದುವೆಚ್ಚಗಳನ್ನು ವಿರೋಧಿಸಿದರು. ಈಜಿಪ್ಟಿನ ‘ಅಲ್ ಮನಾರ್’ ಪತ್ರಿಕೆಯ ವಿಚಾರಗಳು ಅವರ ಮೇಲೆ ಪ್ರಭಾವ ಬೀರಿದ್ದವು. ಅವರ ಧಾರ್ಮಿಕ ನಿಲುವುಗಳನ್ನು ಎಲ್ಲಾ ಉಲಮಾಗಳು ಒಪ್ಪಲಿಲ್ಲ, ಇಂದೂ ಒಪ್ಪದವರಿದ್ದಾರೆ. ಆ ಚರ್ಚೆ ಬೇರೆ.

1932ರಲ್ಲಿ ಅವರು ಇಹಲೋಕ ತ್ಯಜಿಸಿದರು. ಕೊಟ್ಟ ಮಾತು ಅಮಾನತ್ತು ಎಂದು ನಾವು ಮಕ್ಕಳಿಗೆ ಮದ್ರಸದಲ್ಲಿ ದಿನವೂ ಕಲಿಸುತ್ತೇವೆ. ನಷ್ಟ ಬಂದಾಗಲೂ ಜೊತೆಗಾರನನ್ನು ಕೈಬಿಡದೆ ಆ ಅಮಾನತ್ತನ್ನು ಕಾಪಾಡುವುದು ಹೇಗೆಂದು ಈ ಬದುಕು ತೋರಿಸುತ್ತದೆ. ಅಲ್ಲಾಹನು ಅವರ ಸತ್ಕರ್ಮಗಳನ್ನು ಸ್ವೀಕರಿಸಲಿ, ಆಮೀನ್.