ಕೆಂಪು ಬಲೂನಿನ ದಾರ ಹಿಡಿದವನು

ಮೊಮ್ಮಗಳಿಗೆ ಈಗ ಆರು ವರ್ಷ. ಕಳೆದ ಬೇಸಿಗೆ ರಜೆಯಲ್ಲಿ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ‘ಕೆಂಪು ಬಲೂನು’ ಎಂಬ 34 ನಿಮಿಷಗಳ ಫ್ರೆಂಚ್ ಚಿತ್ರವನ್ನು ತೋರಿಸಿದೆ. ಹಾರುವ ಆನೆಗಳನ್ನೂ ಮಾತನಾಡುವ ಕಾರುಗಳನ್ನೂ ದಿನನಿತ್ಯ ಪರದೆಯ ಮೇಲೆ ಕಂಡು ಎಳ್ಳಷ್ಟೂ ಅಚ್ಚರಿಪಡದ ಮಗು, ಈ ಚಿತ್ರ ಮುಗಿದ ಕೂಡಲೇ ಒಂದೇ ಪ್ರಶ್ನೆ ಕೇಳಿತು. ಆ ಬಲೂನು ಹುಡುಗನ ಹಿಂದೆ ನಿಜವಾಗಿಯೂ ಹೇಗೆ ಬಂತು? ಎಪ್ಪತ್ತರ ದಶಕದ ಕೊನೆಯಲ್ಲಿ, ಬೆಂಗಳೂರಿನ ಫಿಲ್ಮ್ ಸೊಸೈಟಿಯೊಂದರ 16 ಎಂಎಂ ಪ್ರದರ್ಶನದಲ್ಲಿ ಇದೇ ಚಿತ್ರವನ್ನು ಮೊದಲ ಸಲ ಕಂಡಾಗ, ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನಾನೂ ಪಕ್ಕದ ಗೆಳೆಯನನ್ನು ಕೇಳಿದ್ದು ಅದನ್ನೇ. ಎರಡು ತಲೆಮಾರುಗಳ ಅಂತರದಲ್ಲಿಯೂ ಬದಲಾಗದ ಈ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ಅದನ್ನು ನಿರ್ಮಿಸಿದ ಆಲ್ಬೆರ್ ಲಮೊರಿಸ್‌ನ ಬದುಕನ್ನೇ ನೋಡಬೇಕು.

ಲಮೊರಿಸ್ ಹುಟ್ಟಿದ್ದು 1922ರ ಜನವರಿ 13ರಂದು, ಪ್ಯಾರಿಸ್‌ನಲ್ಲಿ. ವೃತ್ತಿ ಆರಂಭಿಸಿದ್ದು ಛಾಯಾಗ್ರಾಹಕನಾಗಿ. ಯುದ್ಧ ಮುಗಿದ ಮೇಲೆ ಕಿರುಚಿತ್ರಗಳ ಕಡೆ ಹೊರಳಿ, 1947ರಲ್ಲಿ ಟ್ಯುನೀಸಿಯಾದ ಜೆರ್ಬಾ ದ್ವೀಪದ ಬಗ್ಗೆ ಚಿತ್ರವೊಂದನ್ನು ತಯಾರಿಸಿದ. ಅನಂತರ ಬಂದದ್ದು ‘ಬಿಮ್’ ಎಂಬ ಪುಟ್ಟ ಕತ್ತೆಯ ಕಥೆ. ಅದರ ನಿರೂಪಣೆಯನ್ನು ಬರೆದುಕೊಟ್ಟವರು ಕವಿ ಜಾಕ್ ಪ್ರೆವೆರ್. ಸ್ಟುಡಿಯೋ ಬೇಡ, ತಾರೆಯರು ಬೇಡ, ಒಂದು ಪ್ರಾಣಿ ಮತ್ತು ಒಂದು ಮಗು ಸಾಕು ಎಂಬ ಅವನ ದಾರಿ ಆಗಲೇ ತೀರ್ಮಾನವಾದಂತಿತ್ತು.

1953ರ ‘ಬಿಳಿ ಕೇಸರದ ಕುದುರೆ’ ಈ ದಾರಿಯ ಮೊದಲ ದೊಡ್ಡ ಫಲ. ದಕ್ಷಿಣ ಫ್ರಾನ್ಸಿನಲ್ಲಿ ರೋನ್ ನದಿ ಸಮುದ್ರ ಸೇರುವ ಕಮಾರ್ಗ್ ಎಂಬ ಜವುಗು ಪ್ರದೇಶದಲ್ಲಿ ಕಾಡುಕುದುರೆಗಳ ನಾಯಕನೊಂದನ್ನು ಕುದುರೆಗಾಹಿಗಳು ಬೆನ್ನಟ್ಟುತ್ತಾರೆ. ಬೆಸ್ತರ ಹುಡುಗನೊಬ್ಬ ಅದರ ಸ್ನೇಹ ಗಳಿಸುತ್ತಾನೆ. ಕೊನೆಗೆ ಇಬ್ಬರೂ ಮನುಷ್ಯರ ಕೈಗೆ ಸಿಗದೆ ಸಮುದ್ರದ ಅಲೆಗಳೊಳಗೆ ಹೊರಟುಹೋಗುತ್ತಾರೆ. ಮಕ್ಕಳ ಚಿತ್ರವೆಂದು ಕರೆಯಲು ತುಸು ಭಯವಾಗುವ ಅಂತ್ಯ ಅದು. ಹಗ್ಗ ಹಿಡಿದ ಹುಡುಗನನ್ನು ಓಡುವ ಕುದುರೆ ಕೆಸರಿನಲ್ಲಿ ಎಳೆದೊಯ್ಯುವ ದೃಶ್ಯವನ್ನು ಕಂಡವರು ಅದನ್ನು ಮರೆಯಲಾರರು. ಕಾನ್ ಚಿತ್ರೋತ್ಸವದಲ್ಲಿ ಅದಕ್ಕೆ ಕಿರುಚಿತ್ರಗಳ ಅತ್ಯುನ್ನತ ಬಹುಮಾನ ದೊರೆಯಿತು.

ಮೂರು ವರ್ಷಗಳ ನಂತರ, 1956ರಲ್ಲಿ ‘ಕೆಂಪು ಬಲೂನು’ ಬಂತು. ಕಥೆಯನ್ನು ನಾಲ್ಕು ಮಾತಿನಲ್ಲಿ ಹೇಳಿಬಿಡಬಹುದು. ಶಾಲೆಗೆ ಹೊರಟ ಹುಡುಗನಿಗೆ ಬೀದಿದೀಪದ ಕಂಬಕ್ಕೆ ಸಿಕ್ಕಿಕೊಂಡ ದೊಡ್ಡ ಕೆಂಪು ಬಲೂನು ಕಾಣುತ್ತದೆ. ಕಂಬ ಹತ್ತಿ ಬಿಡಿಸಿಕೊಳ್ಳುತ್ತಾನೆ. ಬಲೂನಿನೊಡನೆ ಬಸ್ಸು ಹತ್ತುವಂತಿಲ್ಲ ಎನ್ನುತ್ತಾನೆ ಕಂಡಕ್ಟರ್. ಹುಡುಗ ಓಡುತ್ತಾ ಶಾಲೆಗೆ ಹೋಗುತ್ತಾನೆ. ಮಳೆ ಬಂದಾಗ ತಾನು ನೆನೆದರೂ ದಾರಿಹೋಕರ ಕೊಡೆಯ ಕೆಳಗೆ ಬಲೂನಿಗೆ ಜಾಗ ಕೇಳುತ್ತಾನೆ. ಮನೆಯಲ್ಲಿ ಅದನ್ನು ಕಿಟಕಿಯಾಚೆ ಬಿಟ್ಟರೆ ಅದು ಹಾರಿಹೋಗದೆ ಅಲ್ಲಿಯೇ ಕಾಯುತ್ತದೆ. ಅಲ್ಲಿಂದಾಚೆಗೆ ದಾರ ಹಿಡಿಯುವ ಅಗತ್ಯವೇ ಇಲ್ಲ. ನಾಯಿಮರಿಯಂತೆ ಬಲೂನು ಅವನನ್ನು ಹಿಂಬಾಲಿಸುತ್ತದೆ. ಶಾಲೆಯ ಮುಖ್ಯಸ್ಥರು ಹುಡುಗನನ್ನು ಕೋಣೆಯಲ್ಲಿ ಕೂಡಿಹಾಕುತ್ತಾರೆ, ಚರ್ಚಿನ ಕಾವಲುಗಾರ ಹೊರಗಟ್ಟುತ್ತಾನೆ, ಕೊನೆಗೆ ಬೀದಿಹುಡುಗರ ಗುಂಪು ಕಲ್ಲು ಹೊಡೆದು ಬಲೂನನ್ನು ನೆಲಕ್ಕೆ ಇಳಿಸುತ್ತದೆ. ಅದು ಸುಕ್ಕುಗಟ್ಟಿ ಸಾಯುವ ಗಳಿಗೆಯಲ್ಲಿ ಪ್ಯಾರಿಸ್‌ನ ಬಲೂನುಗಳೆಲ್ಲ ಮಕ್ಕಳ ಕೈಯಿಂದ ಬಿಡಿಸಿಕೊಂಡು ಹಾರಿಬಂದು ಹುಡುಗನನ್ನು ಆಕಾಶಕ್ಕೆ ಎತ್ತಿಕೊಂಡು ಹೋಗುತ್ತವೆ.

ಹುಡುಗನಾಗಿ ನಟಿಸಿದವನು ನಿರ್ದೇಶಕನ ಮಗ ಪಾಸ್ಕಲ್. ನೀಲಿ ಬಲೂನು ಹಿಡಿದು ಎದುರಾಗುವ ಹುಡುಗಿ ಮಗಳು ಸಬೀನ್. ಚಿತ್ರದಲ್ಲಿ ಮಾತು ಇಲ್ಲವೆನ್ನುವಷ್ಟು ಕಡಿಮೆ. ಆದರೂ 1957ರಲ್ಲಿ ಅದಕ್ಕೆ ಸಿಕ್ಕಿದ್ದು ಅತ್ಯುತ್ತಮ ಮೂಲ ಚಿತ್ರಕಥೆಗಾಗಿ ಆಸ್ಕರ್ ಪ್ರಶಸ್ತಿ! ಆ ವರ್ಷ ಸೋತವುಗಳಲ್ಲಿ ಫೆಲಿನಿಯ ‘ಲಾ ಸ್ತ್ರಾದಾ’ ಕೂಡ ಇತ್ತೆಂಬುದನ್ನು ನೆನೆದರೆ ಈ ಪ್ರಶಸ್ತಿಯ ವಿಚಿತ್ರ ಇನ್ನಷ್ಟು ಅರ್ಥವಾಗುತ್ತದೆ. ಕಾನ್‌ನಲ್ಲಿ ಕಿರುಚಿತ್ರಗಳ ಸ್ವರ್ಣಗರಿಯೂ ಅದಕ್ಕೇ ಬಂದಿತ್ತು.

ಇನ್ನು ಮೊಮ್ಮಗಳ ಪ್ರಶ್ನೆ. ಆ ಕಾಲದ ಪ್ರಮುಖ ಚಲನಚಿತ್ರ ವಿಮರ್ಶಕ ಆಂದ್ರೆ ಬಜಾನ್ ಈ ಎರಡೂ ಚಿತ್ರಗಳನ್ನು ಮುಂದಿಟ್ಟುಕೊಂಡು ಬರೆದ ಪ್ರಬಂಧ ಇಂದಿಗೂ ಸಿನಿಮಾ ವಿದ್ಯಾರ್ಥಿಗಳಿಗೆ ಪಾಠ. ಅವರ ವಾದದ ತಿರುಳು ಸರಳ. ಬಲೂನು ಹುಡುಗನನ್ನು ಹಿಂಬಾಲಿಸುವುದು ಖಂಡಿತ ತಂತ್ರವೇ. ಕಣ್ಣಿಗೆ ಬೀಳದಂತೆ ಅದನ್ನು ಯಾರೋ ಆಡಿಸುತ್ತಿದ್ದಾರೆ. ಆದರೆ ಅದು ಕತ್ತರಿಯ ತಂತ್ರವಲ್ಲ. ಹುಡುಗನನ್ನೊಮ್ಮೆ, ಬಲೂನನ್ನೊಮ್ಮೆ ಬೇರೆಬೇರೆಯಾಗಿ ತೋರಿಸಿ ನಮ್ಮನ್ನು ನಂಬಿಸುವ ಬದಲು, ಇಬ್ಬರನ್ನೂ ಒಂದೇ ಚೌಕಟ್ಟಿನಲ್ಲಿ, ಒಂದೇ ಬೀದಿಯಲ್ಲಿ ನಡೆಸಲಾಗಿದೆ. ಕಟ್ಟುಕಥೆ ನಮಗೆ ಒಪ್ಪಿಗೆಯಾಗುವುದು ಅದು ನಿಜವಾದ ಜಾಗದಲ್ಲಿ ನಿಜವಾದ ವಸ್ತುಗಳ ನಡುವೆ ನಡೆದಾಗ. ಈ ಚಿತ್ರ ಹಳೆಯದಾಗದಿರುವ ಗುಟ್ಟು ಇಲ್ಲಿಯೇ ಇದೆಯೆಂದು ನನ್ನ ಎಣಿಕೆ. ಕಂಪ್ಯೂಟರಿನಲ್ಲಿ ಹುಟ್ಟಿದ ಆನೆ ಹಾರಿದರೆ ಮಗು ಹೇಗೆಂದು ಕೇಳುವುದಿಲ್ಲ, ಏಕೆಂದರೆ ಅಲ್ಲಿ ಏನು ಬೇಕಾದರೂ ಆಗಬಹುದು. ಮೆನಿಲ್ಮೊಂತಾಂ ಬೀದಿಯ ಒದ್ದೆ ಕಲ್ಲುಹಾಸಿನ ಮೇಲೆ, ಗಾಳಿಗೆ ತುಸು ವಾಲುತ್ತಾ ಬಲೂನು ಬಂದರೆ ಮಾತ್ರ ಅದು ಕೇಳುತ್ತದೆ.

ಆ ಬೀದಿಗಳು ಈಗ ಇಲ್ಲ. ಮೆನಿಲ್ಮೊಂತಾಂ ಮತ್ತು ಬೆಲ್ವಿಲ್ ದುಡಿಯುವ ಜನರ ಹಳೆಯ ಗುಡ್ಡದ ಬಡಾವಣೆಗಳು. ಮೆಟ್ಟಿಲುದಾರಿಗಳು, ಮಸಿ ಹಿಡಿದ ಗೋಡೆಗಳು, ಬೇಕರಿ, ಹಳೆಯ ಸಾಮಾನಿನ ಸಂತೆ. ಅರವತ್ತರ ದಶಕದಲ್ಲಿ ಸರ್ಕಾರ ಅನಾರೋಗ್ಯಕರ ವಸತಿಗಳೆಂದು ಬಹುಭಾಗವನ್ನು ಕೆಡವಿತು. ಚಿತ್ರದಲ್ಲಿ ಕಾಣುವ ಇಳಿಜಾರಿನ ಒಂದು ಪಾಲು 1988ರಲ್ಲಿ ಉದ್ಯಾನವಾಯಿತು. ಕೊಳೆಗೇರಿ ತೆರವಿನ ಕಡತಗಳಿಗೆ ಸಹಿ ಹಾಕಿದ ಅನುಭವವಿರುವ ನನಗೆ, ಕೆಡವಿದ್ದು ತಪ್ಪೆಂದು ಸುಲಭವಾಗಿ ಹೇಳಲಾಗದು. ಆ ಮನೆಗಳಲ್ಲಿ ಬದುಕುವುದು ಸುಖವಾಗಿರಲಿಕ್ಕಿಲ್ಲ. ಆದರೆ ಆ ಬೂದು ಬಣ್ಣದ ಬಡಾವಣೆಯ ಬೆಳಗು ಹೇಗಿತ್ತೆಂಬುದಕ್ಕೆ ಇಷ್ಟು ನಂಬಿಕಸ್ಥ ದಾಖಲೆಯನ್ನು ಯಾವ ಇಲಾಖೆಯ ಸಮೀಕ್ಷೆಯೂ ಉಳಿಸಿಲ್ಲ.

ಲಮೊರಿಸ್‌ನ ಬದುಕಿನಲ್ಲಿ ನನಗೆ ಇನ್ನೂ ಬಗೆಹರಿಯದ ಒಂದು ಸಂಗತಿಯಿದೆ. ಬಲೂನಿನ ಚಿತ್ರ ಬಂದ ಮರುವರ್ಷವೇ ಈತ ಕಂಡುಹಿಡಿದ ಹಲಗೆಯಾಟವೊಂದು ಫ್ರಾನ್ಸಿನ ಮಾರುಕಟ್ಟೆಗೆ ಬಂತು. ಹೆಸರು ‘ಜಗತ್ತಿನ ಆಕ್ರಮಣ’. 1959ರಲ್ಲಿ ಅಮೆರಿಕದ ಪಾರ್ಕರ್ ಬ್ರದರ್ಸ್ ಅದನ್ನೇ ‘ರಿಸ್ಕ್’ ಎಂಬ ಹೆಸರಿನಲ್ಲಿ ಮಾರತೊಡಗಿತು. ಭೂಪಟದ ಮೇಲೆ ಸೈನ್ಯ ಹೂಡಿ, ದಾಳ ಎಸೆದು, ದೇಶದ ಮೇಲೆ ದೇಶ ಗೆಲ್ಲುವ ಈ ಆಟವನ್ನು ನಮ್ಮ ನಗರಗಳ ಮಕ್ಕಳೂ ಆಡುತ್ತಾರೆ. ಹುಡುಗರ ಗುಂಪು ಬಲೂನಿಗೆ ಕಲ್ಲು ಹೊಡೆಯುವುದನ್ನು ಅಷ್ಟು ನೋವಿನಿಂದ ತೋರಿದವನ ತಲೆಯಲ್ಲಿಯೇ ಈ ಆಟವೂ ಹುಟ್ಟಿತು!

ಬಲೂನಿನ ನಂತರ ಅವನಿಗೆ ಹಿಡಿದ ಗೀಳು ಮೇಲಿನಿಂದ ಭೂಮಿಯನ್ನು ನೋಡುವುದು. ಹೆಲಿಕಾಪ್ಟರಿನಲ್ಲಿ ಕ್ಯಾಮೆರಾ ಇಟ್ಟರೆ ಯಂತ್ರದ ನಡುಕಕ್ಕೆ ಚಿತ್ರವೆಲ್ಲ ಅದುರುತ್ತದೆ. ಆ ನಡುಕವನ್ನು ತಡೆಯುವ ‘ಹೆಲಿವಿಷನ್’ ಎಂಬ ಸಾಧನವನ್ನು ಆತ ರೂಪಿಸಿದ. 1960ರಲ್ಲಿ ತಾತ ಮತ್ತು ಮೊಮ್ಮಗ ದೊಡ್ಡ ಬಲೂನಿನಲ್ಲಿ ಫ್ರಾನ್ಸ್ ಸುತ್ತುವ ಪೂರ್ಣ ಪ್ರಮಾಣದ ಚಿತ್ರ, 1965ರಲ್ಲಿ ರೆಕ್ಕೆ ಕಟ್ಟಿಕೊಂಡ ಮನುಷ್ಯನೊಬ್ಬನ ಚಿತ್ರ ಬಂದವು. ನಿಷ್ಠುರವಾಗಿ ಹೇಳುವುದಾದರೆ ಇವು ಕಣ್ಣಿಗೆ ಹಬ್ಬವೇ ಹೊರತು ಹಿಂದಿನವುಗಳಂತೆ ಮನಸ್ಸಿಗೆ ನಾಟುವುದಿಲ್ಲ. ಅಷ್ಟು ಎತ್ತರದಿಂದ ನೋಡಿದಾಗ ಬೀದಿಯ ಹುಡುಗ ಕಾಣಿಸುವುದಿಲ್ಲ.

ಕೊನೆಯ ಚಿತ್ರವನ್ನು ಆತ ಕೈಗೆತ್ತಿಕೊಂಡದ್ದು ಇರಾನಿನ ಷಾ ಸರ್ಕಾರದ ಸಂಸ್ಕೃತಿ ಮತ್ತು ಕಲಾ ಸಚಿವಾಲಯಕ್ಕಾಗಿ. ದೇಶವನ್ನು ಆಕಾಶದಿಂದ ತೋರಿಸಬೇಕಿತ್ತು. ಮರುಭೂಮಿ, ಮಣ್ಣಿನ ಹಳ್ಳಿಗಳು, ಮಸೀದಿಯ ಗುಮ್ಮಟಗಳು, ಅಲೆಮಾರಿಗಳ ಹಿಂಡು ಇವನ್ನೆಲ್ಲ ಚಿತ್ರಿಸಿ, ಬೀಸುವ ಗಾಳಿಗಳೇ ಕಥೆ ಹೇಳುವಂತೆ ಯೋಜಿಸಿದ. ಅದರಲ್ಲಿ ಹೊಸ ಇರಾನ್ ಎಲ್ಲಿದೆ, ಕಾರ್ಖಾನೆ, ಅಣೆಕಟ್ಟು ಎಲ್ಲಿವೆ ಎಂದು ಅಧಿಕಾರಿಗಳು ಆಕ್ಷೇಪಿಸಿದರೆಂದೂ ಅದಕ್ಕಾಗಿಯೇ ಆತ ಮತ್ತೆ ಹೊರಡಬೇಕಾಯಿತೆಂದೂ ಹೇಳಲಾಗುತ್ತದೆ. 1970ರ ಜೂನ್ 2ರಂದು ಟೆಹರಾನ್ ಸಮೀಪದ ಕರಜ್ ಅಣೆಕಟ್ಟೆಯ ಬಳಿ ಚಿತ್ರೀಕರಣ ನಡೆಸುತ್ತಿದ್ದ ಹೆಲಿಕಾಪ್ಟರ್ ಉರುಳಿತು. ಲಮೊರಿಸ್‌ಗೆ ಆಗ 48 ವರ್ಷ.

ಆ ಆಕ್ಷೇಪಣೆಯ ಮಾತು ಓದಿದಾಗ ನನಗೆ ಕಸಿವಿಸಿಯಾಯಿತು. ಸೇವೆಯಲ್ಲಿದ್ದಾಗ ನಾನೂ ಸಾಕ್ಷ್ಯಚಿತ್ರವೊಂದನ್ನು ಪರಿಶೀಲಿಸುವ ಸಮಿತಿಯಲ್ಲಿದ್ದೆ. ತರುಣನೊಬ್ಬ ನದಿಯೊಂದರ ಬಗ್ಗೆ ತಯಾರಿಸಿದ್ದ ಚಿತ್ರ. ಅದರಲ್ಲಿ ಅಂಬಿಗರಿದ್ದರು, ಮಳೆಯಿತ್ತು, ಬಟ್ಟೆ ಒಗೆಯುವ ಹೆಂಗಸರಿದ್ದರು. ಜಲಾಶಯವಿರಲಿಲ್ಲ, ಕಾಲುವೆಯ ಉದ್ದವಿರಲಿಲ್ಲ, ನೀರಾವರಿಗೆ ಒಳಪಟ್ಟ ಎಕರೆಗಳ ಲೆಕ್ಕವಿರಲಿಲ್ಲ. ಸಾಧನೆಗಳನ್ನು ಸೇರಿಸತಕ್ಕದ್ದು ಎಂದು ಟಿಪ್ಪಣಿ ಬರೆದವನು ನಾನೇ. ಆತ ಸೇರಿಸಿ ತಂದ, ಬಿಲ್ಲು ಮಂಜೂರಾಯಿತು. ಆಗ ಅದು ನನಗೆ ತೀರಾ ನ್ಯಾಯವಾದ ಅಪೇಕ್ಷೆಯೆನಿಸಿತ್ತು. ಸಾರ್ವಜನಿಕ ಹಣ ವೆಚ್ಚವಾದ ಮೇಲೆ ಸಾರ್ವಜನಿಕ ಕಾಮಗಾರಿ ಕಾಣಬೇಡವೇ? ಸಿನಿಮಾ ಮಂದಿರಗಳಲ್ಲಿ ಮುಖ್ಯ ಚಿತ್ರಕ್ಕೆ ಮುಂಚೆ ಫಿಲ್ಮ್ಸ್ ಡಿವಿಷನ್ನಿನ ಅಣೆಕಟ್ಟುಗಳನ್ನು ನೋಡಿ ಬೆಳೆದ ತಲೆಮಾರು ನಮ್ಮದು.

ಇರಾನಿನ ಚಿತ್ರವನ್ನು ಲಮೊರಿಸ್‌ನ ಟಿಪ್ಪಣಿಗಳ ಆಧಾರದಲ್ಲಿ ಅವನ ಪತ್ನಿ ಮತ್ತು ಮಗ ಪೂರ್ಣಗೊಳಿಸಿದರು. ಅದು 1978ರಲ್ಲಿ ‘ಪ್ರೇಮಿಗಳ ಗಾಳಿ’ ಎಂಬ ಹೆಸರಿನಲ್ಲಿ ಹೊರಬಂತು. ಸಾಕ್ಷ್ಯಚಿತ್ರ ವಿಭಾಗದಲ್ಲಿ ಆಸ್ಕರ್‌ಗೆ ನಾಮಕರಣಗೊಂಡಿತು. 1979ರ ಏಪ್ರಿಲ್‌ನಲ್ಲಿ ಸಮಾರಂಭ ನಡೆಯುವ ಹೊತ್ತಿಗೆ ಷಾ ದೇಶ ಬಿಟ್ಟಾಗಿತ್ತು. ಚಿತ್ರವನ್ನು ಮಾಡಿಸಿದ ಸರ್ಕಾರವೂ ಉಳಿದಿರಲಿಲ್ಲ. ಪ್ರಶಸ್ತಿ ಬೇರೊಂದು ಚಿತ್ರದ ಪಾಲಾಯಿತು.